ಜಂಬದ ಚೀಲದ ರಿಪೇರಿ

ನಮ್ಮ ಯಜಮಾನರು ಅಂಚೆಚೀಟಿ ಕೂಡಿಸುತ್ತಿದ್ದರು. ದುರ್ಗಿಗುಡಿಯ ನಮ್ಮ ಮನೆಗೆ ಯಾರೇ ಬರಲಿ, ಅವರು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಮೂರು ಆಲ್ಬಂಗಳು ಹೊರಗೆ ಬರುತ್ತಿದ್ದವು. ಬಂದವರು ಹಂಗೇರಿಯ ಕುದುರೆ, ಕ್ಯೂಬಾದ ಮೀನುಗಳನ್ನೆಲ್ಲ ನೋಡಿ, 'ಎಂಥ ಒಳ್ಳೆ ಹವ್ಯಾಸ ಇಟ್ಕೊಂಡಿದ್ದೀರಿ' ಎಂದು ತಲೆದೂಗುತ್ತಿದ್ದರು. ನಾನು ಹಳೆಯ ಪರ್ಸುಗಳನ್ನು ಕೂಡಿಸುತ್ತಿದ್ದೆ. ಅದಕ್ಕೆ ಮನೆಯಲ್ಲಿದ್ದ ಹೆಸರು ಹುಚ್ಚು. ಒಂದೇ ಕೋಣೆಯಲ್ಲಿ ಬೀರುವಿನ ಮೇಲಿದ್ದದ್ದು ಹವ್ಯಾಸ, ಮಂಚದ ಕೆಳಗಿನ ಟ್ರಂಕಿನಲ್ಲಿದ್ದದ್ದು ಹುಚ್ಚು. ಅಂಚೆಚೀಟಿಯಿಂದ ಲೋಕಜ್ಞಾನ ಬರುತ್ತದಂತೆ. ಪರ್ಸಿನಿಂದ ಜಿರಲೆ ಬರುತ್ತದೆ ಎಂದು ನಮ್ಮ ಅತ್ತೆಯವರು ಹೇಳುತ್ತಿದ್ದರು.

ತೊಂಬತ್ತರ ದಶಕದ ನಡುವೆ ಮೊದಲ ಪರ್ಸು ಸಿಕ್ಕಿತು, ಅದೂ ಭದ್ರಾವತಿಯಲ್ಲಿ. ನಾನೇನೂ ಅದನ್ನು ಹುಡುಕಿಕೊಂಡು ಹೋಗಿರಲಿಲ್ಲ. ನನ್ನ ಹೊಲಿಗೆ ಯಂತ್ರದ ಬಾಬಿನ್ ಕೇಸು ಸವೆದಿತ್ತು. ಆ ಮಾದರಿ ಈಗ ಬರುವುದೇ ಇಲ್ಲ ಎಂದು ಶಿವಮೊಗ್ಗದ ಅಂಗಡಿಯವನು, ಹೊಸ ಯಂತ್ರದ ಕಡೆ ಕಣ್ಣು ಹಾಯಿಸುತ್ತಲೇ, ಬಹಳ ದುಃಖದಿಂದ ಹೇಳಿದ್ದ. ಭದ್ರಾವತಿಯಲ್ಲಿ ಆಗ ಕಾರ್ಖಾನೆಯ ಕೆಲಸದಿಂದ ನಿವೃತ್ತರಾದವರು ಕ್ವಾರ್ಟರ್ಸ್ ಖಾಲಿ ಮಾಡುವಾಗ ಅರ್ಧ ಸಂಸಾರವನ್ನೇ ಗುಜರಿಗೆ ಹಾಕಿ ಹೋಗುತ್ತಿದ್ದರು. ಅಲ್ಲಿ ಸಿಕ್ಕೀತು ಎಂದು ಆಫೀಸಿನ ಸಹೋದ್ಯೋಗಿಯೊಬ್ಬರು ಹೇಳಿದ ಮೇಲೆ ಒಂದು ಭಾನುವಾರ ಬಸ್ಸು ಹತ್ತಿದೆ.

ಗುಜರಿ ಅಂಗಡಿಯ ಸಾಹೇಬರು ಬಿಳಿ ಗಡ್ಡದ ನಿಧಾನಸ್ಥರು. ಬಾಬಿನ್ ಕೇಸು ಅವರಲ್ಲಿ ಇರಲಿಲ್ಲ. ಆದರೆ ತಕ್ಕಡಿಯ ಪಕ್ಕದ ಮೊಳೆಯಲ್ಲಿ ಒಂದು ಚೀಲ ನೇತಾಡುತ್ತಿತ್ತು. ಸಾಸಿವೆಯಷ್ಟು ಚಿಕ್ಕ ಗಾಜಿನ ಮಣಿಗಳನ್ನು ಒತ್ತೊತ್ತಾಗಿ ನೇಯ್ದು ಮಾಡಿದ್ದು. ನೀಲಿ ನೆಲದ ಮೇಲೆ ಎರಡು ಗಿಳಿ. ಟಿಕ್ ಎಂದು ಕಚ್ಚಿಕೊಳ್ಳುವ ಹಿತ್ತಾಳೆಯ ಬಾಯಿ. ಒಳಗೆ ತುಂಬ ತುಕ್ಕು ಹಿಡಿದ ಬೋಲ್ಟುಗಳು.

"ಅದನ್ನ ಕೊಡ್ತೀರಾ?" ಎಂದೆ.

"ಯಾವ್ದು, ಬೋಲ್ಟಾ?"

"ಅಲ್ಲ, ಚೀಲ."

ಸಾಹೇಬರು ನನ್ನನ್ನು ಕನಿಕರದಿಂದ ನೋಡಿದರು. "ಚೀಲ ಕೊಟ್ರೆ ಬೋಲ್ಟ್ ಎಲ್ಲಿಡ್ಲಿ ಅಮ್ಮಾ? ಬೇಕಾದ್ರೆ ಬೋಲ್ಟ್ ಸಮೇತ ತಗೊಂಡ್ ಹೋಗಿ. ಖಾಲಿ ಚೀಲ ತೂಕಕ್ಕೇ ಬರಲ್ಲ."

ಹಾಗೆ ನನ್ನ ಮೊದಲ ಪ್ರಾಚೀನ ವಸ್ತುವನ್ನು ಕಬ್ಬಿಣದ ತೂಕದಲ್ಲಿ ಕೊಂಡೆ. ಬಸ್ಸಿನಲ್ಲಿ ತೊಡೆಯ ಮೇಲೆ ಅದನ್ನಿಟ್ಟುಕೊಂಡು ಬರುವಾಗ ಕಂಡಕ್ಟರು ಎರಡು ಸಲ ತಿರುಗಿ ನೋಡಿದ. ನನಗಂತೂ ಅದು ಮೆಚ್ಚುಗೆಯ ನೋಟದಂತೆಯೇ ಕಂಡಿತು.

ಮನೆಯಲ್ಲಿ ಅತ್ತೆಯವರು ಬಾಗಿಲಲ್ಲೇ ತಡೆದರು. "ಸತ್ತೋರ ಚೀಲ ಮನೆಗೆ ತಂದ್ಯಲ್ಲೇ ಮಾರಾಯ್ತಿ."

"ಸತ್ತೋರದ್ದು ಅಂತ ನಿಮಗೆ ಹೆಂಗೆ ಗೊತ್ತು ಅತ್ತೆ?"

"ಬದುಕಿದ್ದಿದ್ರೆ ಬಿಡ್ತಿದ್ರಾ?"

ಯಜಮಾನರು ಪತ್ರಿಕೆಯಿಂದ ಕಣ್ಣೆತ್ತದೆ, "ಒಳಗೇನಾದ್ರೂ ಇತ್ತಾ?" ಎಂದರು. ಬೋಲ್ಟು ಎಂದೆ. ಮುಂದಿನ ಹತ್ತು ವರ್ಷ ಎಲ್ಲರೂ ನನ್ನನ್ನು ಕೇಳಿದ್ದು ಈ ಒಂದೇ ಪ್ರಶ್ನೆ. ಹಳೆಯ ಪರ್ಸಿನ ಅಸ್ತರಿನಲ್ಲಿ ಬಂಗಾರದ ನಾಣ್ಯವೋ, ಯಾರದೋ ಪ್ರೇಮಪತ್ರವೋ ಇದ್ದೇ ಇರುತ್ತದೆ ಎಂದು ಜನರ ಗಟ್ಟಿ ನಂಬಿಕೆ. ನನಗೆ ಸಿಕ್ಕಿದ್ದು ಬಸ್ ಟಿಕೆಟು, ಹೇರ್‌ಪಿನ್ನು, ಬೆಲ್ಲಕ್ಕೆ ಅಂಟಿದ ಲವಂಗ, ಒಮ್ಮೆ ಮಾತ್ರ ಒಂದು ಕಟ್ಟುಹಲ್ಲು. ಹಲ್ಲಿನ ವಿಷಯ ಅತ್ತೆಯವರಿಗೆ ಹೇಳಲಿಲ್ಲ.

ಗಿಳಿಯ ಪರ್ಸನ್ನು ಮರುದಿನವೇ ರಿಪೇರಿ ಮಾಡಲು ಕೂತೆ. ನನಗೆ ಹೊಲಿಗೆ ಬರುತ್ತಿತ್ತು, ಕಸೂತಿ ಬರುತ್ತಿತ್ತು, ಹಾಗಾಗಿ ಎಲ್ಲವೂ ಬರುತ್ತದೆ ಎಂಬ ಧೈರ್ಯವೂ ಬಂದಿತ್ತು. ಬಕೆಟ್ಟಿನಲ್ಲಿ ಸೋಪಿನ ಪುಡಿ ಕಲಸಿ ಪರ್ಸನ್ನು ಅರ್ಧ ಗಂಟೆ ನೆನೆಹಾಕಿದೆ. ಆಮೇಲೆ ಮೆತ್ತಗೆ ಹಿಂಡಿದೆ. ಒಳಗಿನ ದಾರ ಯಾವ ಕಾಲದಲ್ಲೋ ಲಡ್ಡಾಗಿತ್ತೆಂದು ಕಾಣುತ್ತದೆ, ಮೊದಲು ಒಂದು ಗಿಳಿಯ ತಲೆ ಹೋಯಿತು, ಆಮೇಲೆ ಎರಡೂ ಗಿಳಿಗಳು ಒಟ್ಟಿಗೆ ಬಚ್ಚಲ ತೂತಿನ ಕಡೆಗೆ ಹೊರಟವು. ನಾನು ಟೀ ಸೋಸುವ ಜಾಲರಿ ತಂದು ಬಚ್ಚಲಲ್ಲಿ ಮಂಡಿಯೂರಿ ಮಣಿ ಸೋಸುತ್ತಿರುವಾಗ ಅತ್ತೆಯವರು ಬಾಗಿಲಲ್ಲಿ ನಿಂತು ಸಮಾಧಾನದಿಂದ ನೋಡಿದರು. "ಈಗ ಕ್ಲೀನಾಯ್ತು ನೋಡು" ಎಂದರು. ಆಮೇಲೆ, "ಆ ಜಾಲರಿ ಇನ್ನು ಅಡುಗೆಮನೆಗೆ ತರಬೇಡ."

ಸೋಸಿ ತೆಗೆದ ಮಣಿಗಳನ್ನು ಡಬ್ಬಿಗೆ ಹಾಕಿಕೊಂಡು ಮುಂದಿನ ಭಾನುವಾರ ಸಾಹೇಬರ ಅಂಗಡಿಗೆ ಹೋದೆ. ಅವರು ಡಬ್ಬಿ ನೋಡಿ, ನನ್ನನ್ನು ನೋಡಿ, "ಬೋಲ್ಟ್ ಚೆನ್ನಾಗಿದ್ಯಾ?" ಎಂದು ವಿಚಾರಿಸಿಕೊಂಡು, ನ್ಯೂಟೌನಿನ ಹತ್ತಿರ ಮಣಿ ಕೆಲಸ ಬಲ್ಲ ಒಬ್ಬ ಮುದುಕಿ ಇದ್ದಾರೆಂದು ದಾರಿ ಹೇಳಿದರು.

ಆ ಬೀದಿಯವರೆಲ್ಲ ಆಕೆಯನ್ನು ಪಾಟಿ ಎನ್ನುತ್ತಿದ್ದರು. ತಮಿಳಿನಲ್ಲಿ ಅಜ್ಜಿ. ಗಂಡ ಕಾರ್ಖಾನೆಯ ಎರಕದ ವಿಭಾಗದಲ್ಲಿದ್ದು ತೀರಿಕೊಂಡಿದ್ದರು, ಮಗಳು ಎರಡು ಮನೆ ಆಚೆ ಇದ್ದಳು. ಮದುವೆಯಾಗಿ ಸೇಲಂ ಕಡೆಯಿಂದ ಬಂದ ಹೊಸತರಲ್ಲಿ ಪಾಟಿ ದೊಡ್ಡ ಅಧಿಕಾರಿಗಳ ಬಂಗಲೆಗಳಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದರಂತೆ. ಅಲ್ಲಿನ ಹೆಂಗಸರ ಪಾರ್ಟಿ ಪರ್ಸುಗಳ ಮಣಿ ಉದುರಿದರೆ ಇವರೇ ಪೋಣಿಸಿ ಕೊಡಬೇಕು. ಹಾಗೆ ಕಲಿತದ್ದು. ಡಬ್ಬಿಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿ ಕೇಳಿದರು.

"ಏನಮ್ಮಾ, ಚೀಲ ತೊಳ್ದಿಯಾ, ಇಲ್ಲ ಸಾಯ್ಸಿದಿಯಾ?"

"ತೊಳ್ದೆ ಪಾಟಿ."

"ಸೋಪ್ ಪುಡಿ?"

ಹೌದೆಂದೆ. ಪಾಟಿ ಒಳಗಿದ್ದ ದೇವರ ಪಟದ ಕಡೆಗೊಮ್ಮೆ ನೋಡಿದರು, ನನ್ನನ್ನು ಅವರು ಕ್ಷಮಿಸಿದರೂ ಆತ ಕ್ಷಮಿಸಲಾರ ಎನ್ನುವ ಹಾಗೆ.

ಅಲ್ಲಿಂದ ಎರಡು ವರ್ಷ ನನ್ನ ಭಾನುವಾರಗಳು ಬೈಗುಳಕ್ಕೆ ಮೀಸಲಾದವು. ಬೈಸಿಕೊಳ್ಳಲು ಹದಿನೆಂಟು ಕಿಲೋಮೀಟರು ಬಸ್ಸಿನಲ್ಲಿ ಹೋಗಬೇಕೇ, ಮನೆಯಲ್ಲಿ ಆ ಸೌಕರ್ಯ ಇಲ್ಲವೇ ಎಂದು ಯಜಮಾನರು ಕೇಳಿದರು. ನವುಲೆಯ ಕಾಲೇಜಿನಲ್ಲಿ ಗುಮಾಸ್ತರಾಗಿದ್ದ ಅವರು ದಿನಕ್ಕೆ ಒಂದು ತಮಾಷೆ ಮಾಡುತ್ತಿದ್ದರು, ಆವತ್ತಿನದು ಅದು. ಆದರೆ ಪಾಟಿಯ ಬೈಗುಳದಲ್ಲಿ ವಿದ್ಯೆ ಇತ್ತು. ಮಣಿಯ ಸೂಜಿ ತಲೆಕೂದಲಿನಷ್ಟು ತೆಳ್ಳಗಿರಬೇಕು, ರೇಷ್ಮೆ ದಾರಕ್ಕೆ ಜೇನುಮೇಣ ಸವರಬೇಕು, ಹಿತ್ತಾಳೆಯ ಬಾಯನ್ನು ಹುಣಸೆಹಣ್ಣು ಹಾಕಿ ಉಜ್ಜಿದವಳು ಹೆಂಗಸೇ ಅಲ್ಲ, ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ತೊಟ್ಟು ಸಾಕು. ಎಲ್ಲಕ್ಕಿಂತ ಹೆಚ್ಚಾಗಿ ಅವರು ಹೇಳುತ್ತಿದ್ದದ್ದು ಒಂದು ಮಾತು. "ಹಳೇದು ಎಷ್ಟು ಉಳಿಯುತ್ತೋ ಅಷ್ಟೂ ಉಳಿಸು. ನೀ ಹಾಕಿದ್ದು ನೀ ಹಾಕಿದ್ದು ಅಂತ ಕಾಣ್ಲಿ. ಚೀಲದ ಹತ್ರ ಸುಳ್ಳು ಹೇಳಿಸ್ಬಾರ್ದು."

ಗಿಳಿಗಳು ಎಂಟು ತಿಂಗಳಿಗೆ ಮರಳಿ ಬಂದವು. ಒಂದರ ಕೊಕ್ಕಿಗೆ ಕೆಂಪು ಮಣಿ ಸಾಲದೆ ಅದು ಸ್ವಲ್ಪ ಮೊಂಡಾಗಿಯೇ ಉಳಿಯಿತು. ಬಚ್ಚಲಿಗೆ ಹೋದದ್ದು ಹೋಯಿತು.

ಟ್ರಂಕು ನಿಧಾನವಾಗಿ ತುಂಬಿತು. ಸಾಹೇಬರು ನನಗಾಗಿ ಪರ್ಸುಗಳನ್ನು ಎತ್ತಿಡತೊಡಗಿದರು, ಈಗ ಬೋಲ್ಟು ಇಲ್ಲದೆ, ಆದರೆ ಬೋಲ್ಟಿಗಿಂತ ಭಾರದ ಬೆಲೆಗೆ. ಹಿತ್ತಾಳೆ ತಂತಿಯ ಬಲೆಯ ಪರ್ಸು ಬಂತು, ಮೊಸಳೆ ಚರ್ಮದ್ದೆಂದು ಹೇಳಿಕೊಂಡ ಎಮ್ಮೆ ಚರ್ಮದ್ದು ಬಂತು, ಒಳಗೆ ನಾಲ್ಕು ಅರೆಗಳಿರುವ ಹಳೆಯ ಎಲೆಯಡಿಕೆ ಸಂಚಿಗಳು ಬಂದವು. ನನ್ನ ಕೈ ಪಳಗಿತು. ಪಾಟಿ ಹೊಗಳಲಿಲ್ಲ, ಆದರೆ ಬೈಗುಳದ ನಡುವೆ ಉಸಿರು ತೆಗೆದುಕೊಳ್ಳುವ ಅಂತರ ಹೆಚ್ಚಿತು. ಇಷ್ಟು ಸಾಕಾಯಿತು ನನಗೆ. ಇಂಥ ಪರ್ಸಿಗೆ ಕನ್ನಡದಲ್ಲಿ ಜಂಬದ ಚೀಲ ಎಂಬ ಹೆಸರಿಟ್ಟವರು ಯಾರೋ ತಿಳಿಯದು, ಆದರೆ ಜಂಬ ಚೀಲದಿಂದ ಅದನ್ನು ರಿಪೇರಿ ಮಾಡುವವಳಿಗೂ ಹತ್ತುತ್ತದೆಂದು ಅವರಿಗೆ ಗೊತ್ತಿದ್ದಿರಬೇಕು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಯಜಮಾನರ ಸೋದರತ್ತೆ ಗಾಜನೂರಿನಿಂದ ಬಂದರು. ನಮ್ಮ ಅತ್ತೆಯವರಿಗೆ ಅವರು ನಾದಿನಿ. ಹೊಲ, ಗದ್ದೆ, ಟ್ರ್ಯಾಕ್ಟರು ಇದ್ದವರು. ಅವು ಇವೆ ಎಂದು ಬಂದಾಗಲೆಲ್ಲ ನೆನಪಿಸುವವರು. ಅತ್ತಿಗೆ ನಾದಿನಿಯರು ಐವತ್ತು ವರ್ಷದಿಂದ ಒಬ್ಬರನ್ನೊಬ್ಬರು ಬಹಳ ಮರ್ಯಾದೆಯಿಂದ ದ್ವೇಷಿಸುತ್ತಿದ್ದರು. ಸೋದರತ್ತೆ ಸೆರಗಿನಿಂದ ಒಂದು ಗಂಟು ಬಿಚ್ಚಿದರು. ಹಸಿರು ವೆಲ್ವೆಟ್ಟಿನ ಪರ್ಸು, ಅಂಚಿಗೆ ಜರಿ, ಬೆಳ್ಳಿಯ ಬಾಯಿ. ವೆಲ್ವೆಟ್ಟು ಬೋಳಾಗಿ, ಅಲ್ಲಲ್ಲಿ ಹರಿದು, ಒಳಗಿನ ಬಟ್ಟೆ ಕಂದು ಕಲೆಗಳಿಂದ ನಕಾಶೆಯ ಹಾಗಾಗಿತ್ತು.

"ನಮ್ಮತ್ತೇದು ಕಣೇ" ಎಂದರು. "ಮೊಮ್ಮಗಳ ನಿಶ್ಚಿತಾರ್ಥಕ್ಕೆ ಅವಳ ಕೈಗೆ ಕೊಡ್ಬೇಕು. ಹೊಸದರ ಹಂಗೆ ಮಾಡ್ಕೊಡು. ನೋಡಿದೋರು ಬೆರಗಾಗ್ಬೇಕು."

ನಮ್ಮ ಕುಟುಂಬದಲ್ಲಿ ನನ್ನ ಹುಚ್ಚನ್ನು ಅರಸಿಕೊಂಡು ಬಂದ ಮೊದಲ ವ್ಯಕ್ತಿ ಅವರು. ಆ ಭಾನುವಾರ ಪರ್ಸನ್ನು ಪಾಟಿಗೆ ತೋರಿಸಿದೆ. ಅವರು ಬೆರಳಿನಿಂದ ಸವರಿ ನೋಡಿ, "ವೆಲ್ವೆಟ್ ಬದಲಾಯಿಸ್ಬೇಡ. ಹಿಂದಿಂದ ಬಲೆ ಬಟ್ಟೆ ಕೊಟ್ಟು ಹರಿದಿದ್ದನ್ನ ಹಿಡ್ಸು. ಅಷ್ಟೇ" ಎಂದರು.

"ಅವರು ಹೊಸದರ ಹಂಗೆ ಬೇಕು ಅಂದಿದ್ದಾರೆ ಪಾಟಿ."

"ಹೊಸದು ಬೇಕಾದ್ರೆ ಅಂಗಡೀಗೆ ಹೋಗ್ತಾರೆ. ನಿನ್ನ ಹತ್ರ ಯಾಕಮ್ಮಾ ಬರ್ತಾರೆ?"

ಮಾತು ಸರಿ ಎನಿಸಿತು. ಸರಿ ಎನಿಸಿದ್ದನ್ನು ಮಾಡದಿರಲು ಮನುಷ್ಯನಿಗೆ ಕಾರಣ ಹುಡುಕುವುದು ಕಷ್ಟವಲ್ಲ. ಬೆರಗಾಗುವವರ ಮುಖಗಳು ನನ್ನ ಕಣ್ಣ ಮುಂದೆ ಸಾಲಾಗಿ ಕೂತಿದ್ದವು. ಗಾಂಧಿ ಬಜಾರಿನಲ್ಲಿ ಮೂರು ಅಂಗಡಿ ತಿರುಗಿ ಅದೇ ಹಸಿರಿನ ವೆಲ್ವೆಟ್ಟು ತಂದೆ. ಹಳೆಯದನ್ನು ಅಳತೆಗೆಂದು ಬಿಚ್ಚಿ ಕಸದ ಬುಟ್ಟಿಗೆ ಹಾಕಿದೆ. ಒಳಗೆ ಕೆನೆಬಣ್ಣದ ಸ್ಯಾಟಿನ್ನು ಹೊಲಿದೆ. ಬೆಳ್ಳಿಯ ಬಾಯನ್ನು ಅಕ್ಕಸಾಲಿಗರ ಹತ್ತಿರ ಪಾಲಿಷ್ ಮಾಡಿಸಿದೆ. ಒಂದು ತಿಂಗಳಲ್ಲಿ ಪರ್ಸು ಹೊಸ ಮದುವಣಗಿತ್ತಿಯ ಹಾಗೆ ಕೂತಿತ್ತು. ಪಾಟಿಗೆ ಮಾತ್ರ ತೋರಿಸಲಿಲ್ಲ. ಆ ಭಾನುವಾರ ನನಗೆ ತಲೆನೋವು ಬಂದಿತ್ತು ಎಂದು ಇಟ್ಟುಕೊಳ್ಳೋಣ.

ಸೋದರತ್ತೆ ಬಂದು ಪರ್ಸನ್ನು ಕೈಗೆ ತೆಗೆದುಕೊಂಡರು. ತಿರುಗಿಸಿದರು. ತೆರೆದರು. ಮುಚ್ಚಿದರು. ನಾನು ಬೆರಗಿಗಾಗಿ ಕಾದೆ.

"ಇದು ನಮ್ದಲ್ಲ" ಎಂದರು.

"ನಿಮ್ದೇ ಚಿಕ್ಕತ್ತೆ. ವೆಲ್ವೆಟ್ ಮಾತ್ರ ಹೊಸದು."

"ಬಾಯಿ ಇಷ್ಟು ಬೆಳ್ಳಗಿರ್ಲಿಲ್ಲ."

"ಪಾಲಿಷ್ ಮಾಡ್ಸಿದೀನಿ."

"ಇದು ನಮ್ಮತ್ತೆ ಚೀಲ ಅಲ್ಲ ಕಣೇ" ಎಂದು ಅದನ್ನು ಟೀಪಾಯಿಯ ಮೇಲಿಟ್ಟರು. "ಅದನ್ನ ಏನ್ ಮಾಡ್ದೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಹೋದರು. ಮಾಡಿಟ್ಟ ಕಾಫಿ ಹಾಗೇ ಉಳಿಯಿತು.

ವಾರದೊಳಗೆ ನೆಂಟರಿಷ್ಟರಲ್ಲಿ ಸುದ್ದಿ ಹರಡಿತು. ನಾನು ಅಸಲಿ ಪರ್ಸನ್ನು ಬೆಂಗಳೂರಿನಲ್ಲಿ ಮಾರಿ ಬದಲಿಗೆ ಇನ್ನೊಂದನ್ನು ಹೊಲಿದು ಕೊಟ್ಟೆನೆಂದು ಒಂದು ಕಡೆ, ವಿದೇಶದವರು ದುರ್ಗಿಗುಡಿಯ ಮನೆಗೇ ಬಂದು ಕೊಂಡುಹೋದರೆಂದು ಇನ್ನೊಂದು ಕಡೆ. ಮದುವೆಮನೆಯೊಂದರಲ್ಲಿ ದೂರದ ನೆಂಟರೊಬ್ಬರು ನನ್ನ ಕಿವಿಯ ಓಲೆಯನ್ನೇ ಬಹಳ ಹೊತ್ತು ನೋಡಿ, "ಹೊಸದಾ?" ಎಂದರು. ನನ್ನ ಮದುವೆಯಲ್ಲಿ ಅವರೇ ಉಡುಗೊರೆ ಕೊಟ್ಟಿದ್ದ ಓಲೆ. ಯಜಮಾನರು ಅಂಚೆಚೀಟಿಗೆ ಗೋಂದು ಹಚ್ಚುತ್ತಾ, "ಸುಮ್ನೆ ತಪ್ಪಾಯ್ತು ಅಂದ್ಬಿಡು" ಎಂದು ಸಲಹೆ ಕೊಟ್ಟರು. "ಯಾವುದಕ್ಕೆ?" ಎಂದೆ. "ಎಲ್ಲದಕ್ಕೂ ಸೇರ್ಸಿ" ಎಂದರು. ತಮಾಷೆಯ ಕೋಟಾ ಅಲ್ಲಿಗೆ ಮುಗಿದಿತ್ತು.

ಹೊರಗೆ ಸಿಡುಕುತ್ತಿದ್ದೆ, ಆದರೆ ಒಳಗೆ ನನಗೆ ಅಳು ಬಂದಿತ್ತು. ಕಳ್ಳಿ ಎಂದದ್ದಕ್ಕಲ್ಲ. ಸೋದರತ್ತೆ ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜ ಎಂದು ನನಗೆ ಗೊತ್ತಿತ್ತು. ಅವರ ಅತ್ತೆಯ ಚೀಲ ನಮ್ಮ ಮನೆಯ ಕಸದ ಬುಟ್ಟಿಗೆ ಹೋಗಿತ್ತು.

ಆ ಮದುವೆಮನೆಯಿಂದ ಬಂದ ಮೂರನೆಯ ದಿನ ಬೆಳಿಗ್ಗೆ ನಮ್ಮ ಅತ್ತೆಯವರು, ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು, ಒಳ್ಳೆ ಸೀರೆ ಉಟ್ಟು, ಕೈಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಹಿಡಿದು ನಡುಮನೆಗೆ ಬಂದರು.

"ರಜಾ ಹಾಕು. ಗಾಜನೂರಿಗೆ ಹೋಗೋಣ."

ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ಹಳೆಯ ವೆಲ್ವೆಟ್ಟಿನ ತುಂಡುಗಳು, ಜರಿಯ ಅಂಚು, ಕಂದು ಕಲೆಯ ಅಸ್ತರು, ಎಲ್ಲವೂ ಮಡಿಸಿ ಇಟ್ಟಿದ್ದವು.

"ಇದನ್ನ ನಾನು ಕಸಕ್ಕೆ ಹಾಕಿದ್ನಲ್ಲ ಅತ್ತೆ."

"ನೀನು ಹಾಕ್ದೆ. ನಾನು ತೆಗ್ದೆ. ಕರಡಿಗೆ ಒರೆಸೋಕೆ ವೆಲ್ವೆಟ್ಟಿನಂಥ ಬಟ್ಟೆ ಇನ್ನೊಂದಿಲ್ಲ." ಅವರ ಕೊರಳಿನ ಲಿಂಗದ ಬೆಳ್ಳಿ ಕರಡಿಗೆ ಆ ತಿಂಗಳು ಯಾಕೆ ಅಷ್ಟು ಹೊಳೆಯುತ್ತಿತ್ತೆಂದು ಆಗ ತಿಳಿಯಿತು.

ನನ್ನ ಮೇಲಿನ ಪ್ರೀತಿಯಿಂದ ಅವರು ಹೊರಟರೆಂದು ಹೇಳಲು ನನಗೂ ಆಸೆ. ಆದರೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ ಅವರ ಮುಖದಲ್ಲಿದ್ದ ಹುರುಪು, ಐವತ್ತು ವರ್ಷದಲ್ಲಿ ಮೊದಲ ಸಲ ನಾದಿನಿಯ ತಪ್ಪನ್ನು ಸಾಕ್ಷಿ ಸಮೇತ ಹಿಡಿದವರ ಹುರುಪು. ಇಳಿಯುವಾಗ ನನ್ನ ತೋಳು ಹಿಡಿದು, "ನೀನು ಮಾತಾಡ್ಬೇಡ" ಎಂದರು.

ಸೋದರತ್ತೆ ಜಗಲಿಯ ಮೇಲೆ ಹೆಸರುಕಾಳು ಆರಿಸುತ್ತಿದ್ದರು. ನಮ್ಮನ್ನು ನೋಡಿ ಚಾಪೆ ಹಾಸಿದರು, ನೀರು ಬೆಲ್ಲ ಕೊಟ್ಟರು. ಜಗಳವಾಡಲು ಬಂದವರಿಗೂ ಉಪಚಾರ ತಪ್ಪಿಸುವಂತಿಲ್ಲ. ಅತ್ತೆಯವರು ನೀರು ಕುಡಿದು, ಡಬ್ಬಿ ತೆರೆದು ಅವರ ಮುಂದೆ ತಳ್ಳಿದರು.

"ನಮ್ಮ ಸೊಸೆ ಬೆಂಗಳೂರಲ್ಲಿ ಮಾರಿದ ಚೀಲ. ನೋಡ್ಕೊಳ್ರಿ."

ಸೋದರತ್ತೆ ಒಂದು ತುಂಡು ಎತ್ತಿದರು. "ಹಳೇ ವೆಲ್ವೆಟ್ ಎಲ್ಲಾ ಕಡೆ ಸಿಗುತ್ತೆ" ಎಂದರು, ಆದರೆ ದನಿಯಲ್ಲಿ ಮೊದಲಿನ ಬಲವಿರಲಿಲ್ಲ. ಆಮೇಲೆ ಕಂದು ಕಲೆಯ ಅಸ್ತರನ್ನು ಬಿಡಿಸಿ, ಕಣ್ಣು ಮಂದವಾದ್ದರಿಂದ ಮುಖದ ಹತ್ತಿರ ತಂದರು. ನಂತರ ಜೋರಾಗಿ ಸೀನಿದರು. ಇನ್ನೊಮ್ಮೆ ಸೀನಿದರು. ಹೆಸರುಕಾಳು ಮೊರದಿಂದ ಚೆಲ್ಲಿತು.

"ನಶ್ಯ" ಎಂದರು.

ಅವರ ಅತ್ತೆಗೆ ನಶ್ಯದ ಚಟ ಇತ್ತಂತೆ. ಮನೆಯಲ್ಲಿ ಯಾರಿಗೂ ಗೊತ್ತಿರಬಾರದೆಂದು ಡಬ್ಬಿಯಲ್ಲಿಡದೆ ಪರ್ಸಿನೊಳಗೆ ಪೊಟ್ಟಣ ಮಾಡಿ ಇಡುತ್ತಿದ್ದರಂತೆ. ಅಂಗಡಿಯಿಂದ ಕದ್ದುಮುಚ್ಚಿ ತಂದುಕೊಡುತ್ತಿದ್ದದ್ದು ಹೊಸ ಸೊಸೆಯಾಗಿದ್ದ ಇವರೇ.

"ದಿನಾ ಬೈಯೋಳು ನನ್ನ" ಎಂದರು ಸೋದರತ್ತೆ. "ಉಪ್ಪು ಜಾಸ್ತಿ, ನಡಿಗೆ ಜೋರು, ನಗು ಜೋರು. ನಶ್ಯ ತರೋಕೆ ಮಾತ್ರ ನಾನೇ ಬೇಕು. ಅದೊಂದು ಹೊತ್ತು, ಬಾ ಮಗಾ ಅನ್ನೋಳು." ಅಸ್ತರನ್ನು ತೊಡೆಯ ಮೇಲೆ ಹರಡಿ ಕೈಯಿಂದ ಸಾಪು ಮಾಡಿದರು. ಕಣ್ಣಲ್ಲಿದ್ದ ನೀರು ಸೀನಿದ್ದಕ್ಕೆ ಬಂದದ್ದೋ ಬೇರೆಯದಕ್ಕೋ ನಾವು ಕೇಳಲಿಲ್ಲ. ನಮ್ಮ ಅತ್ತೆಯವರು ಗೆದ್ದ ಮಾತುಗಳನ್ನು ಬಸ್ಸಿನುದ್ದಕ್ಕೂ ಜೋಡಿಸಿಟ್ಟುಕೊಂಡು ಬಂದಿದ್ದವರು, ಒಂದನ್ನೂ ಆಡಲಿಲ್ಲ. ಮೊರವನ್ನು ತಮ್ಮ ಕಡೆಗೆ ಎಳೆದುಕೊಂಡು ಚೆಲ್ಲಿದ ಕಾಳು ಬಳಿದು ಹಾಕಿದರು.

ಹೊರಡುವಾಗ ಸೋದರತ್ತೆ ನನ್ನ ಕಡೆ ತಿರುಗಿದರು. ಕ್ಷಮೆ ಕೇಳುವ ಪದ್ಧತಿ ಅವರ ಮನೆಯಲ್ಲಿ ಇರಲಿಲ್ಲ. "ಇದನ್ನೇ ವಾಪಸ್ ಹಚ್ಕೊಡು" ಎಂದರು. "ಹರಿದಿದ್ರೂ ಪರವಾಗಿಲ್ಲ."

ಹೊಸದು ಮಾಡಿದ್ದನ್ನು ಮತ್ತೆ ಹಳೆಯದು ಮಾಡುವ ಕೆಲಸ ಎಷ್ಟು ದೊಡ್ಡದೆಂದು ಅದನ್ನು ಮಾಡಿದವರಿಗೇ ಗೊತ್ತು. ಡಬ್ಬಿಯನ್ನೂ ಪರ್ಸನ್ನೂ ತೆಗೆದುಕೊಂಡು ಪಾಟಿಯ ಮುಂದೆ ಹೋಗಿ ನಿಂತು ಎಲ್ಲವನ್ನೂ ಹೇಳಿದೆ, ತಲೆನೋವಿನ ವಿಷಯವನ್ನೂ. ಬೈಗುಳ ಬರುತ್ತದೆಂದು ಕಾದೆ. ಅವರು ಬೈಯಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ಅಸ್ತರನ್ನು ಮೂಸಿ ನೋಡಿ, "ಒಳ್ಳೆ ಮದ್ರಾಸ್ ಪೊಡಿ" ಎಂದು ಗುರುತು ಹಿಡಿದರು. ಆ ವಿದ್ಯೆ ಅವರಿಗೆ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ.

ಮೂರು ತಿಂಗಳು ಹಿಡಿಯಿತು. ಚೂರು ಚೂರಾದ ವೆಲ್ವೆಟ್ಟನ್ನು ತೆಳು ಬಲೆ ಬಟ್ಟೆಯ ಮೇಲೆ ಒಂದೊಂದಾಗಿ ಕೂರಿಸಿ ಹೊಲಿದೆ. ಕರಡಿಗೆ ಒರೆಸಿ ಕಪ್ಪಾದ ಎರಡು ತುಂಡುಗಳು ಕಪ್ಪಾಗಿಯೇ ಉಳಿದವು. ಅಸ್ತರನ್ನು ತೊಳೆಯಲಿಲ್ಲ. ಬೆಳ್ಳಿಯ ಪಾಲಿಷ್ಷಿಗೆ ಮಾತ್ರ ಏನೂ ಮಾಡಲಾಗಲಿಲ್ಲ. ಅದು ತಾನಾಗಿ ಮಂಕಾಗುವವರೆಗೆ ನನ್ನ ಜಾಣತನಕ್ಕೆ ಸಾಕ್ಷಿಯಾಗಿ ಹೊಳೆಯುತ್ತಲೇ ಇತ್ತು.

ನಿಶ್ಚಿತಾರ್ಥದಲ್ಲಿ ಮೊಮ್ಮಗಳ ಕೈಗೆ ಪರ್ಸು ಕೊಟ್ಟರು. ಹುಡುಗಿ ಒಳ್ಳೆಯವಳು, ಕಣ್ಣಿಗೊತ್ತಿಕೊಂಡಳು. ಆಮೇಲೆ ಭಾವೀ ಗಂಡ ಆಗಷ್ಟೇ ಕೊಡಿಸಿದ್ದ ಮೊಬೈಲನ್ನು ಅದರೊಳಗೆ ಹಾಕಲು ನೋಡಿದಳು. ಹಿಡಿಸಲಿಲ್ಲ. ಅವಳಿಗೆ ಬಂದ ಎರಡನೆಯ ಸೀನಿಗೆ ಮೇಕಪ್ಪು ಹಾಳಾಯಿತೆಂದು ಯಾರೋ ಒಳಗೆ ಕರೆದುಕೊಂಡು ಹೋದರು. ಊಟದ ಹೊತ್ತಿಗೆ ಪರ್ಸು ಸೋದರತ್ತೆಯ ಸೊಂಟದಲ್ಲಿತ್ತು. ಬಂದವರಲ್ಲಿ ಯಾರೂ ಬೆರಗಾಗಲಿಲ್ಲ. "ಇದ್ಯಾಕೆ ಹರಕು ಚೀಲ ಸಿಕ್ಕಿಸ್ಕೊಂಡಿದ್ದೀರಿ?" ಎಂದು ಒಬ್ಬರು ಕೇಳಿಯೇ ಬಿಟ್ಟರು. ಸೋದರತ್ತೆ, "ನಮ್ಮತ್ತೇದು" ಎಂದು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು.

ಇದಾದ ಮೇಲೆ ನೆಂಟರು ನನ್ನನ್ನು ಕಳ್ಳಿ ಎನ್ನುವುದು ಬಿಟ್ಟರು, ಹುಚ್ಚಿಗೆ ವಾಪಸಾದರು. ಅದು ನನಗೂ ಅಭ್ಯಾಸವಾಗಿದ್ದ ಪದವಿ.

ಭದ್ರಾವತಿಗೆ ಹೋಗುವುದನ್ನು ನಾನು ಬಿಡಲಿಲ್ಲ. ಪಾಟಿಯ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆ ಮಗಳು ಎಷ್ಟು ಹೇಳಿದರೂ ಒಪ್ಪದೆ, ಕೈಯ ಅಂದಾಜಿನಲ್ಲೇ ಬೀದಿಯ ಹೆಂಗಸರ ಮಣಿ ಸರ ಪೋಣಿಸಿ ಕೊಡುತ್ತಿದ್ದರು. ಆದರೆ ಸೂಜಿಗೆ ದಾರ ಹಾಕಲು ಆಗುತ್ತಿರಲಿಲ್ಲ. ಭಾನುವಾರ ಹೋದಾಗಲೆಲ್ಲ ವಾರಕ್ಕೆ ಸಾಲುವಷ್ಟು ಸೂಜಿಗಳಿಗೆ ದಾರ ಪೋಣಿಸಿ, ಕಿಟಕಿಯ ಪರದೆಗೆ ಸಾಲಾಗಿ ಚುಚ್ಚಿಟ್ಟು ಬರುತ್ತಿದ್ದೆ. ಮುಂದಿನ ವಾರ ಖಾಲಿ ಸೂಜಿಗಳು ಅದೇ ಸಾಲಿನಲ್ಲಿ ಇರುತ್ತಿದ್ದವು. ಒಮ್ಮೆ, ವಾರದ ನಡುವೆ ದಾರ ಮುಗಿಯದಿರಲೆಂದು ಸ್ವಲ್ಪ ಉದ್ದವಾಗಿಯೇ ಹಾಕಿಟ್ಟಿದ್ದೆ. ಮರುವಾರ ಚಪ್ಪಲಿ ಬಿಡುತ್ತಿರುವಾಗಲೇ ಒಳಗಿನಿಂದ ಪಾಟಿಯ ದನಿ ಕೇಳಿತು.

"ಯಾರಮ್ಮಾ ಇಷ್ಟುದ್ದ ದಾರ ಹಾಕಿದ್ದು? ಸೋಮಾರಿಗಳು ಹಾಕೋ ದಾರ."